ನೂರೆಂಟು ಸಲ ಉಜ್ಜಿದ ಕೋಲು

ಬೆಂಗಳೂರು ದಂಡು ಪ್ರದೇಶದ ಹಲಸೂರು ಬಜಾರಿನಲ್ಲಿ ಸನಾವುಲ್ಲಾ ಸಾಹೇಬರ ಅಂಗಡಿಗೆ ಬೋರ್ಡು ಇರಲಿಲ್ಲ. ಬೇಕಾದವರಿಗೆ ಅದು ಎಲ್ಲಿದೆಯೆಂದು ಗೊತ್ತಿತ್ತು; ಬೇಡದವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇರಲಿಲ್ಲ. ಸರ್ವೆಯವರ ದುರ್ಬೀನು, ಔಷಧಿ ಅಂಗಡಿಯ ತಕ್ಕಡಿ, ದಂಡಿನ ಸಿಪಾಯಿಗಳ ದಿಕ್ಸೂಚಿ, ಅಳೆಯುವ ತೂಗುವ ಸಾಮಾನು ಯಾವುದು ಕೆಟ್ಟರೂ ಅಲ್ಲಿಗೇ ಬರಬೇಕು. ಯುದ್ಧ ಶುರುವಾಗಿ ಐದು ವರ್ಷವಾಗಿತ್ತು. ಇಂಗ್ಲೆಂಡಿನಿಂದ ಹೊಸದು ಬರುವುದು ನಿಂತುಹೋಗಿ, ಸಾಹೇಬರು ಹಳೆಯದಕ್ಕೇ ಮತ್ತೆ ಮತ್ತೆ ಜೀವ ತುಂಬುತ್ತಿದ್ದರು. ಅವರ ಕೈಕೆಳಗೆ ಹದಿನಾಲ್ಕು ವರ್ಷದಿಂದ ಫಿಟ್ಟರ್ ಆಗಿದ್ದವನು ಮರ್ಫಿ ಟೌನಿನ ಮುನಿರಾಜಪ್ಪ.

ಮುನಿರಾಜಪ್ಪ ಒಳ್ಳೆಯವನು. ಬರೀ ಒಳ್ಳೆಯವನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನಿಗೆ ಶುಚಿಯ ಹುಚ್ಚೂ ಇತ್ತು. ಹಿತ್ತಾಳೆಯ ಮೇಲೆ ಸಾಸಿವೆಯಷ್ಟು ಕಲೆ ಕಂಡರೂ ಅವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮನೆಯ ಚೊಂಬು, ತಂಬಿಗೆ, ದೀಪಗಳನ್ನು ಅವನೇ ಹುಣಿಸೆಹಣ್ಣು ಹಾಕಿ ಬೆಳಗುತ್ತಿದ್ದ. ಗಂಡಸಿಗೆ ಇದೆಂಥ ಕೆಲಸ ಎಂದು ತಾಯಿ ದೊಡ್ಡಮುನಿಯಮ್ಮ ಗೊಣಗುತ್ತಿದ್ದರೂ, ಬೆಳಗಿದ ದೀಪ ನೋಡಿ ಒಳಗೊಳಗೇ ಹಿಗ್ಗುತ್ತಿದ್ದಳು.

ಆ ವರ್ಷ ದಸರೆಗೆ ಎಂಟು ದಿನ ಮುಂಚೆ ಕೋಲಾರದ ಕಡೆಯ ಚಿನ್ನದ ಗಣಿಯೊಂದರಿಂದ ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಒಂದು ಅಳತೆ ಕೋಲು ಬಂತು. ಆಳುದ್ದದ ಉಕ್ಕಿನ ಕೊಳವೆ. ಒಂದು ತುದಿಗೆ ಗಡಿಯಾರದಂತೆ ಮುಳ್ಳಿರುವ ಡಯಲು, ಇನ್ನೊಂದು ತುದಿಗೆ ಗುಂಡು ಮೂತಿಯ ಹಿತ್ತಾಳೆ ಮೊನೆ. ಅದು ಮಾಡುವ ಕೆಲಸ ಏನೆಂದು ಸಾಹೇಬರು ಮುನಿರಾಜಪ್ಪನಿಗೆ ಬಿಡಿಸಿ ಹೇಳಿದರು.

“ನೆಲದ ಕೆಳಗೆ ಒಂದು ಮೈಲಿ ಇಳಿದ್ರೆ, ಮೇಲಿರೋ ಬಂಡೆಯೆಲ್ಲಾ ಸುರಂಗದ ಮೇಲೆ ಕೂತಿರ್ತದೆ ಮುನಿರಾಜು. ಆ ಭಾರ ತೂಗೋ ತಕ್ಕಡಿ ಯಾರ ಹತ್ರಾನೂ ಇಲ್ಲ. ಅದಕ್ಕೇ ಸುರಂಗದ ಎರಡು ಗೋಡೆಗೂ ಎದುರುಬದುರಾಗಿ ಒಂದೊಂದು ಮೊಳೆ ಹೊಡೀತಾರೆ, ಮಧ್ಯೆ ಈ ಕೋಲು ಇಟ್ಟು ನೋಡ್ತಾರೆ. ಬಂಡೆಗೆ ಭಾರ ತಡೀಲಿಲ್ಲ ಅಂದ್ರೆ ಗೋಡೆ ಒಳಕ್ಕೆ ಬರ್ತದೆ. ಜೋರಾಗಿ ಬರ್ತಾ ಇದ್ರೆ ಜೋರು ಸಂಕಟ ಅಂತ ಅರ್ಥ. ಆಮೇಲೆ ಒಂದಿನ ಫಟ್ ಅಂತ ಸಿಡೀತದೆ. ಒಳಗಿದ್ದೋರು ಇದ್ದಂಗೇ ಹೋದ್ರು.”

ಗೋಡೆ ಬರುವುದೆಂದರೆ ಕಣ್ಣಿಗೆ ಕಾಣುವಷ್ಟಲ್ಲ. ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಅಂಗಡಿಯಲ್ಲಿ ‘ಥೌ’ ಎನ್ನುತ್ತಿದ್ದರು. ತಲೆಗೂದಲಿನ ದಪ್ಪವೇ ಮೂರು ಥೌ. ಗಣಿಯ ಒಂದು ಸುರಂಗ ಹದಿನೈದು ದಿನಕ್ಕೆ ಮೂರು ಥೌ ಕಿರಿದಾಗುತ್ತಿದೆಯೆಂದು ಅಲ್ಲಿನ ಅಳತೆಯ ದೊರೆ ಕೆಲಸದ ಗ್ಯಾಂಗನ್ನು ಹೊರಕ್ಕೆ ಕರೆಸಿ, ಡಯಲಿನ ಮುಳ್ಳು ತಡವರಿಸುತ್ತಿದೆಯೆಂದು ಕೋಲನ್ನು ರಿಪೇರಿಗೆ ಕಳಿಸಿದ್ದ.

ಆ ಗ್ಯಾಂಗಿನ ಹನ್ನೆರಡು ಜನರಲ್ಲಿ ಪಿಳ್ಳಪ್ಪನೂ ಒಬ್ಬ. ಪಿಳ್ಳಪ್ಪ ಎಂದರೆ ಮುನಿರಾಜಪ್ಪನ ತಂಗಿ ಮಂಜುಳಮ್ಮನ ಗಂಡ. ಮಂಜುಳಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು, ದಿನ ತುಂಬಿ, ಮರ್ಫಿ ಟೌನಿನ ಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು.

ಸಾಹೇಬರು ಡಯಲನ್ನು ಬಿಚ್ಚಿ ಸರಿಮಾಡಿದರು. ಶನಿವಾರ ಬೆಳಗ್ಗೆ, ಬಿಸಿಗೆ ಉಕ್ಕು ಹಿಗ್ಗೀತೆಂದು, ಅಂಗಡಿಯ ಹೆಂಚು ಕಾಯುವ ಮುಂಚೆಯೇ ಬಂದು, ಕೋಲನ್ನು ತಮ್ಮ ಮೂಲ ಅಳತೆಯ ಸರಳಿನ ಪಕ್ಕದಲ್ಲಿಟ್ಟು ಮೂರು ಸಲ ನೋಡಿದರು. ಹಳೆಯ ಉದ್ದಕ್ಕೂ ಈಗಿನ ಉದ್ದಕ್ಕೂ ವ್ಯತ್ಯಾಸವಿಲ್ಲ ಎಂದು ಬರೆದು ರುಜು ಹಾಕಿ ಪೆಟ್ಟಿಗೆ ಮುಚ್ಚಿದರು. ರುಜು ಬಿದ್ದ ಮೇಲೆ ಪೆಟ್ಟಿಗೆಯನ್ನು ಯಾರೂ ತೆರೆಯಬಾರದು. ಆ ಅಂಗಡಿಗೆ ಇದ್ದದ್ದು ಅದೊಂದೇ ಕಾನೂನು.

ಸೋಮವಾರ ಆಯುಧಪೂಜೆ. ಆ ದಿನ ಸಾಹೇಬರು ಅಂಗಡಿಗೆ ಬರುವ ಪದ್ಧತಿಯಿಲ್ಲ. ಹಿಂದಿನ ಸಂಜೆಯೇ ಬೀಗದ ಕೈ ಮುನಿರಾಜಪ್ಪನಿಗೆ ಕೊಟ್ಟು, “ನಾಳೆ ಅಂಗಡಿ ನಿಂದು” ಎಂದು ಹೇಳಿ, ಬೆಳಗ್ಗೆ ಬ್ಲ್ಯಾಕ್‌ಪಲ್ಲಿಯ ಮಾರ್ಕೆಟ್ಟಿನಿಂದ ಒಂದು ಬುಟ್ಟಿ ಚೆಂಡುಹೂವು ಕಳಿಸುತ್ತಿದ್ದರು. ಮುನಿರಾಜಪ್ಪ ಒಬ್ಬನೇ ಕೂತು ಸುತ್ತಿಗೆ, ಅರ, ಲೇತು, ಇಕ್ಕಳ ಎಲ್ಲವನ್ನೂ ತೊಳೆದು ಒರೆಸಿ ಕುಂಕುಮ ಇಟ್ಟ. ಎಲ್ಲ ಮುಗಿದ ಮೇಲೆ ಮೂಲೆಯಲ್ಲಿದ್ದ ಉದ್ದನೆಯ ಪೆಟ್ಟಿಗೆ ಕಣ್ಣಿಗೆ ಬಿತ್ತು. ಊರಿನ ಆಯುಧವೆಲ್ಲ ಹೂವು ಮುಡಿದು ಕೂತಿದೆ, ತನ್ನ ತಂಗಿಯ ಗಂಡನಿಗೂ ಬಂಡೆಗೂ ನಡುವೆ ನಿಲ್ಲುವ ಆಯುಧ ಮಾತ್ರ ಕತ್ತಲಲ್ಲಿ ಅಪೂಜಿತವಾಗಿ ಬಿದ್ದಿದೆ ಎಂದು ಅವನಿಗೆ ಅನಿಸಿತು.

ಪೆಟ್ಟಿಗೆ ತೆರೆದ. ಕಾನೂನು ನೆನಪಾಗಲಿಲ್ಲವೇ ಎಂದರೆ, ನೆನಪಾಯಿತು. ದೇವಿ ಅಣ್ಣಮ್ಮನ ಹೆಸರಲ್ಲಿ ಕುಂಕುಮ ಇಡುವುದಕ್ಕೆ ಯಾವ ಕಾನೂನು ಎಂದುಕೊಂಡ. ಹಿತ್ತಾಳೆಯ ಮೊನೆ ಗಣಿಯ ಬೆವರಿಗೆ ಹಸಿರುಗಟ್ಟಿತ್ತು. ಅದು ಹುಣಿಸೆಹಣ್ಣಿಗೆ ಹೋಗಲಿಲ್ಲ. ಲೋಹ ತೇಯುವ ಎಮರಿ ಕಾಗದ ತೆಗೆದುಕೊಂಡು, “ಅಣ್ಣಮ್ಮ ತಾಯಿ, ನಮ್ ಪಿಳ್ಳಪ್ಪನ್ನ ಕಾಯೇ” ಎನ್ನುತ್ತ ಒಂದೊಂದು ಹೆಸರಿಗೆ ಒಂದೊಂದು ಉಜ್ಜು, ಎಣಿಸಿ ನೂರೆಂಟು ಉಜ್ಜಿದ. ಮೊನೆ ಬಂಗಾರವಾಯಿತು. ಕುಂಕುಮ ಇಟ್ಟು, ಕರ್ಪೂರ ತೋರಿಸಿ, ಒರೆಸಿ, ಪೆಟ್ಟಿಗೆ ಮುಚ್ಚಿದ. ಬುಧವಾರ ಅದು ರೈಲಿನಲ್ಲಿ ಗಣಿಗೆ ಹೋಯಿತು. ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥದ್ದು ಏನಾಗಿದೆ ಎಂದು.

ಆಯುಧಪೂಜೆಯಾದ ಹನ್ನೆರಡನೆಯ ದಿನ, ಶನಿವಾರ ಬೆಳಗ್ಗೆ, ಮಂಜುಳಮ್ಮನ ಹೆಸರಿಗೆ ಪಿಳ್ಳಪ್ಪನ ಕಾರ್ಡು ಬಂತು. ಅವಳಿಗೆ ಓದು ಬಾರದು, ಮುನಿರಾಜಪ್ಪನೇ ಓದಿದ. ‘ಬಾವನವರ ಅಂಗಡಿಯಿಂದ ಕೋಲು ಬಂದಿದೆ. ಗೋಡೆ ನಿಂತುಹೋಗಿದೆಯಂತೆ. ನಿಂತದ್ದಷ್ಟೇ ಅಲ್ಲ, ಒಂದು ಥೌ ಹಿಂದಕ್ಕೂ ಹೋಗಿದೆ ಎಂದು ದೊರೆ ಹೇಳಿದರು. ಸೋಮವಾರ ಬೆಳಗ್ಗೆಯಿಂದ ನಮ್ಮ ಗ್ಯಾಂಗು ಮತ್ತೆ ಅದೇ ಸುರಂಗಕ್ಕೆ. ನಿನ್ನ ಮೈ ಹುಷಾರು.’

ಮಂಜುಳಮ್ಮ ಕೈಮುಗಿದಳು. ಮುನಿರಾಜಪ್ಪನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಕಾರ್ಡನ್ನು ಜೇಬಿಗಿಟ್ಟು, ಇದ್ದಿಲ ಹೊಗೆ ಉಗುಳುತ್ತ ನಿಂತಿದ್ದ ಬಸ್ಸನ್ನೂ ಬಿಟ್ಟು, ಓಡುನಡಿಗೆಯಲ್ಲಿ ಅಂಗಡಿಗೆ ಬಂದ.

“ನೋಡಿ ಸಾಬ್ರೇ, ಅಮ್ಮನ ಮಹಿಮೆ! ಗೋಡೆ ಹಿಂದಕ್ಕೆ ಹೋಯ್ತಂತೆ!”

ಸಾಹೇಬರು ಕಾರ್ಡು ತೆಗೆದುಕೊಂಡು ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬಂಡೆ ಮುಂದಕ್ಕೆ ಬರ್ತದೆ ಮುನಿರಾಜು. ಹಿಂದಕ್ಕೆ ಹೋಗಿದ್ದು ನಾನು ಕೇಳಿಲ್ಲ.”

“ಅಂಗಂದ್ರೆ?”

“ಗೋಡೆ ದೂರ ಹೋಗಿಲ್ಲ. ಕೋಲು ಗಿಡ್ಡ ಆಗಿದೆ. ಗಿಡ್ಡ ಕೋಲು ಇಟ್ಟು ನೋಡಿದ್ರೆ, ಗೋಡೆ ಹತ್ರಕ್ಕೆ ಬಂದಿದ್ರೂ ದೂರ ಐತೆ ಅಂತ್ಲೇ ಮುಳ್ಳು ತೋರಿಸ್ತದೆ.” ಸಾಹೇಬರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ಆದ್ರೆ ನಾನು ಮೂರು ಸಲ ನೋಡಿ ರುಜು ಹಾಕಿದ್ದೀನಿ. ನನ್ನ ಕಣ್ಣಿಗೆ ವಯಸ್ಸಾಯ್ತೋ ಏನೋ.”

ಮುನಿರಾಜಪ್ಪನಿಗೆ ಎಮರಿ ಕಾಗದ ನೆನಪಾಯಿತು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಸುಮ್ಮನಿದ್ದುಬಿಡೋಣ ಎಂದು ಅವನಿಗೂ ಅನ್ನಿಸಿತು. ಯಾರ ಮನಸ್ಸಿಗೆ ಅನ್ನಿಸುವುದಿಲ್ಲ ಹೇಳಿ. ಆದರೆ ಸಾಹೇಬರು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಂದು ಥೌ ತಪ್ಪದ ಕಣ್ಣು ಅದು.

“ನಿಮ್ ಕಣ್ಣು ಸರ್ಯಾಗೈತೆ ಸಾಬ್ರೇ. ನಾನು ಪೆಟ್ಟಿಗೆ ತೆಗ್ದೆ. ಹಬ್ಬದ ದಿನ. ಮೊನೆ ಕೊಳಕಾಗಿತ್ತು, ಎಮರಿ ಹಾಕಿ ಉಜ್ಬಿಟ್ಟೆ.”

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಮುನಿರಾಜಪ್ಪನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಕುರ್ಚಿಯ ಹಿಂಬದಿಗೆ ತಲೆಯಾನಿಸಿ, “ಯಾ ಅಲ್ಲಾ” ಎಂದಷ್ಟೇ ಅಂದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಯಾರು ಬದುಕಲಿ ಎಂದು ಉಜ್ಜಿದನೋ ಅವನನ್ನೇ ಬಂಡೆಯ ಬಾಯಿಗೆ ಕಳಿಸುವ ಏರ್ಪಾಡಾಗಿತ್ತು.

“ಈಗ್ಲೇ ತಂತಿ ಕೊಡೋಣ ಸಾಬ್ರೇ. ಕೋಲು ಸರಿಯಿಲ್ಲ ಅಂತ.”

“ಸರಿಯಿಲ್ಲ ಅಂದ್ರೆ ಎಷ್ಟು ಸರಿಯಿಲ್ಲ ಅಂತ ಕೇಳ್ತಾನೆ ದೊರೆ. ಒಂದು ಥೌ ಆದ್ರೆ ಹೋಗ್ಲಿ ಬಿಡು ಅಂತಾನೆ. ಹತ್ತು ಥೌ ಆದ್ರೆ ಓಡ್ತಾನೆ. ನಮಗೆ ಅಂಕಿ ಬೇಕು.” ಸಾಹೇಬರು ನೆಟ್ಟಗೆ ಕೂತರು. “ಎಷ್ಟು ಉಜ್ಜಿದೆ? ನೆನಪಿದೆಯಾ?”

“ನೂರೆಂಟು.”

“ಸರಿಯಾಗಿ ಹೇಳು.”

“ಸರಿಯಾಗೇ ಹೇಳ್ತಿದೀನಿ. ಅಮ್ಮನ ಹೆಸರು ಎಣಿಸ್ಕೊಂಡು ಉಜ್ಜಿದ್ದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.”

ಸಾಹೇಬರ ಮುಖಕ್ಕೆ ರಕ್ತ ಮರಳಿತು. ಹಿಂದಿನ ವರ್ಷ ಆ ಕೋಲಿಗೆ ಮೊನೆ ಕಡೆದು ಕೊಟ್ಟಾಗ, ಅದೇ ಹಿತ್ತಾಳೆ ಸರಳಿನಿಂದ ಇನ್ನೊಂದನ್ನೂ ಕಡೆದು ಇಟ್ಟಿದ್ದರು. ಅದನ್ನು ಡಬ್ಬಿಯಿಂದ ಹುಡುಕಿ ತೆಗೆದು, ಮೈಕ್ರೋಮೀಟರಿನಲ್ಲಿ ಅಳೆದು ಅಂಕಿ ಬರೆದುಕೊಂಡು, ಮುನಿರಾಜಪ್ಪನ ಕೈಗೆ ಕೊಟ್ಟರು. “ಉಜ್ಜು. ಆವತ್ತಿನ ಕಾಗದವೇ, ಆವತ್ತಿನ ಹಂಗೇ.”

ಮುನಿರಾಜಪ್ಪ ಎಮರಿ ಕಾಗದ ಹಿಡಿದ. ನಾಲ್ಕು ಸಲ ಉಜ್ಜಿ ನಿಲ್ಲಿಸಿದ. “ಆಗಲ್ಲ ಸಾಬ್ರೇ. ಕೈಲಿ ಬಲಾನೇ ಇಲ್ಲ.”

“ಹಂಗಂದ್ರೆ ಹೆಂಗೆ? ನಿನ್ನ ಕೈ ಹಗುರ ಆದ್ರೆ ಅಂಕಿ ಕಮ್ಮಿ ಬರ್ತದೆ, ಅಂಕಿ ಕಮ್ಮಿ ಬಂದ್ರೆ ಅವರನ್ನ ಒಳಗೆ ಬಿಡ್ತಾರೆ. ಆವತ್ತು ಎಷ್ಟು ಭಕ್ತಿಯಿಂದ ಉಜ್ಜಿದ್ಯೋ ಅಷ್ಟೇ ಭಕ್ತಿ ಬೇಕು ನನಗೆ. ಅಮ್ಮನ ಹೆಸರು ಹೇಳು. ಜೋರಾಗಿ ಹೇಳು.”

ಮೊನೆಯನ್ನು ಮತ್ತೆ ಅಳೆದು, ಮೊದಲಿಂದ ಶುರುಮಾಡಿದರು. ಮುನಿರಾಜಪ್ಪ ಕಣ್ಣು ಮುಚ್ಚಿದ. ಹಬ್ಬದ ದಿನದ ಚೆಂಡುಹೂವಿನ ವಾಸನೆಯನ್ನು ನೆನೆದ, ಗೋಡೆಗೊರಗಿ ಕೂತ ತಂಗಿಯನ್ನು ನೆನೆದ. “ಅಣ್ಣಮ್ಮ ತಾಯಿ, ನಮ್ ಪಿಳ್ಳಪ್ಪನ್ನ ಕಾಯೇ.” ಕೈಗೆ ಬಲ ಬಂತು. ಅವನು ಉಜ್ಜುತ್ತ ಹೋದ, ಸಾಹೇಬರು ಬೆರಳು ಮಡಚಿ ಎಣಿಸುತ್ತ ಹೋದರು. ಅರವತ್ತು ದಾಟುವಷ್ಟರಲ್ಲಿ ಐದು ಹೊತ್ತು ನಮಾಜು ಬಿಡದ ಸಾಹೇಬರ ತುಟಿಯೂ ಅಣ್ಣಮ್ಮನ ಹೆಸರಿನ ಲಯಕ್ಕೆ ಅಲುಗುತ್ತಿತ್ತು. ನೂರೆಂಟಕ್ಕೆ ನಿಲ್ಲಿಸಿ ಅಳೆದರು.

“ಒಂಬತ್ತು ಥೌ.”

ಕೂಡಿ ಕಳೆಯುವುದಕ್ಕೆ ಬೆರಳೇ ಸಾಕಿತ್ತು. ಒಂದು ಥೌ ಹಿಂದಕ್ಕೆ ಹೋದಂತೆ ಕಂಡ ಗೋಡೆ, ನಿಜವಾಗಿ ಎಂಟು ಥೌ ಒಳಕ್ಕೆ ಬಂದಿತ್ತು. ಮೊದಲು ಹದಿನೈದು ದಿನಕ್ಕೆ ಮೂರು ಬರುತ್ತಿದ್ದದ್ದು ಈಗ ಎಂಟು. ಬಂಡೆ ನಿಂತಿರಲಿಲ್ಲ, ನುಗ್ಗುತ್ತಿತ್ತು.

ದಂಡಿನ ತಂತಿ ಆಫೀಸಿನಲ್ಲಿ ಗುಮಾಸ್ತ ಕಾಗದ ತೆಗೆದುಕೊಂಡು, ಮಿಲಿಟರಿ ತಂತಿಗಳ ರಾಶಿ ತೋರಿಸಿ, ಇವತ್ತು ಹೋದರೆ ಹೋಯಿತು, ಇಲ್ಲದಿದ್ದರೆ ಸೋಮವಾರ ಎಂದ. ಸೋಮವಾರ ಬೆಳಗ್ಗೆಯೇ ಗ್ಯಾಂಗು ಇಳಿಯುವುದು. ಸಾಹೇಬರು ಅಲ್ಲೇ ನಿಂತು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು, ಉಜ್ಜಿದ ಮೊನೆಯನ್ನು ಅದರ ಜೊತೆ ಕಟ್ಟಿ, “ನಾಳೆ ಬೆಳಗಿನ ಗಾಡಿಗೆ ನೀನೇ ಹೋಗು. ದೊರೆ ಕೈಗೇ ಕೊಡು” ಎಂದರು.

ಮನೆಯಲ್ಲಿ ಮುನಿರಾಜಪ್ಪ ಗಣಿಗೆ ಸಾಮಾನು ಕೊಡಲು ಹೋಗುತ್ತಿದ್ದೇನೆಂದು ಹೇಳಿದ. ಮಂಜುಳಮ್ಮ ಗಂಡನಿಗೆ ಕೊಡೆಂದು ಚಕ್ಕುಲಿ ಕಟ್ಟಿಕೊಟ್ಟಳು.

ಭಾನುವಾರದ ಗಾಡಿ ಕೃಷ್ಣರಾಜಪುರದಲ್ಲಿ ನಿಂತಿತು. ಸಿಪಾಯಿಗಳ ಸ್ಪೆಷಲ್ ಗಾಡಿ ಹೋಗಲಿ ಎಂದು ನಿಂತಿತು, ಅದು ಹೋದ ಮೇಲೆ ಇನ್ನೊಂದು ಬರುತ್ತದೆಂದು ನಿಂತಿತು. ಮೂರು ಗಂಟೆ. ಮುನಿರಾಜಪ್ಪ ಪ್ಲಾಟ್‌ಫಾರಮ್ಮಿನ ಮೇಲೆ ಅತ್ತಿಂದಿತ್ತ ತಿರುಗಿದ. ಸ್ಟೇಷನ್ ಮಾಸ್ತರಿಗೆ ಕೈಮುಗಿದ. ಯುದ್ಧಕ್ಕೆ ಯಾರ ತಂಗಿಯೂ ಲೆಕ್ಕವಿಲ್ಲ. ಗಣಿ ಸೇರುವಾಗ ಸಂಜೆ ಐದಾಗಿತ್ತು, ತಂತಿ ಬಂದಿರಲಿಲ್ಲ.

ಅಳತೆಯ ದೊರೆ ಬಂಗಲೆಯ ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದ. ಅವನಿಗೆ ಮುರುಕು ತಮಿಳು ಬರುತ್ತಿತ್ತು, ದಂಡಿನ ಪಕ್ಕದಲ್ಲೇ ಹುಟ್ಟಿ ಬೆಳೆದ ಮುನಿರಾಜಪ್ಪನಿಗೆ ತಮಿಳು ನೀರು ಕುಡಿದಷ್ಟು ಸಲೀಸು. ದೊರೆ ಕಾಗದ ಓದಿದ, ಮೊನೆಯನ್ನು ತಿರುಗಿಸಿ ನೋಡಿದ.

“ನಿನ್ನ ಯಜಮಾನ ತಾನೇ ಉಜ್ಜಿದೆ ಅಂತ ಬರೆದಿದ್ದಾನೆ. ರುಜು ಹಾಕಿದ ಮೇಲೆ ತಾನೇ ಮರೆತು ಉಜ್ಜಿದನಂತೆ. ಹಾಗಾದರೆ ಈ ಎರಡನೇ ಮೊನೆ ಉಜ್ಜಿದ್ದೂ ಅವನೇನಾ?”

ಮುನಿರಾಜಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ನಲವತ್ತು ವರ್ಷ ಕಾಪಾಡಿಕೊಂಡ ಹೆಸರನ್ನು ಆ ಮುದುಕ, ಕೂಲಿಯವನೊಬ್ಬನಿಗಾಗಿ, ತಂತಿ ಆಫೀಸಿನ ಕಟ್ಟೆಯ ಮೇಲೆ ನಿಂತು ಒಂದು ಗೆರೆಯಲ್ಲಿ ಬಿಟ್ಟುಕೊಟ್ಟಿದ್ದ.

“ಇಲ್ಲ ದೊರೆ. ಎರಡೂ ನಾನೇ.”

“ಯೋಚಿಸಿ ಹೇಳು. ಇದು ಯುದ್ಧದ ಕಾಲ. ನಿನ್ನನ್ನು ಪೊಲೀಸಿಗೆ ಕೊಡಬಹುದು.”

“ಕೊಡಿ. ಆದ್ರೆ ಅಂಕಿ ನಂಬಿ. ಅವರು ಉಜ್ಜಿದ್ರೆ ಬೇರೆ ಅಂಕಿ ಬರ್ತಿತ್ತು. ಎರಡಕ್ಕೂ ಬಿದ್ದಿರೋದು ಇದೇ ಕೈ. ಒಂಬತ್ತು ಥೌ. ನಾಳೆ ಯಾರನ್ನೂ ಒಳಗೆ ಬಿಡ್ಬೇಡಿ ದೊರೆ, ಕಾಲಿಗೆ ಬೀಳ್ತೀನಿ.”

ದೊರೆ ಒಳಗಿಂದ ಪುಸ್ತಕ ತರಿಸಿ, ಪೆನ್ಸಿಲಿನಲ್ಲಿ ಲೆಕ್ಕ ಹಾಕಿದ. ಎರಡನೆಯ ಸಲ ಹಾಕಿದ. ಚಹಾ ಹಾಗೇ ತಣ್ಣಗಾಯಿತು. ಆಮೇಲೆ ಜವಾನನನ್ನು ಕರೆದು, ಆ ಸುರಂಗಕ್ಕೆ ಅಡ್ಡ ಹಲಗೆ ಹೊಡೆಯಿರಿ ಎಂದು ಚೀಟಿ ಬರೆದುಕೊಟ್ಟ. ಪೊಲೀಸಿನ ಮಾತು ಮತ್ತೆ ಎತ್ತಲಿಲ್ಲ.

ಗ್ಯಾಂಗಿನ ಸಾಲುಮನೆಗೆ ಹೋದಾಗ ಸುದ್ದಿ ಆಗಲೇ ಮುಟ್ಟಿತ್ತು. ಸುರಂಗ ಮುಚ್ಚಿದರೆ ಗ್ಯಾಂಗಿಗೆ ಮೇಲೆ ಮಣ್ಣು ಹೊರುವ ಕೆಲಸ. ಬಂಡೆ ಕೊರೆಯುವವರಿಗೆ ಅದು ಸೀರೆ ಉಡಿಸಿದಷ್ಟೇ ಅವಮಾನ. ಮುನಿರಾಜಪ್ಪ ಏನನ್ನೂ ಮುಚ್ಚಿಡದೆ ಹೇಳಿದ. ಗ್ಯಾಂಗಿನವರು ನಕ್ಕರು. ಪಿಳ್ಳಪ್ಪ ನಗಲಿಲ್ಲ.

“ದಂಡಿನಲ್ಲಿ ನಮ್ ಬಾವ ಅಂಥೋರು ಇಂಥೋರು ಅಂತ ಇವರ ಹತ್ರ ಕೊಚ್ಕೊಂಡಿದ್ನಲ್ಲ ನಾನು. ನಿಮ್ ಪೂಜೆಯಿಂದ ನನ್ ಮುಖಕ್ಕೆ ಮಸಿ ಆಯ್ತು. ಹೋಗಿ ಬಾವ, ನಾನು ಇನ್ನು ನಿಮ್ ಮನೆ ಕಡೆ ತಲೆ ಹಾಕಿ ಕೂಡ ಮಲಗಲ್ಲ.”

ಚಕ್ಕುಲಿಯ ಗಂಟು ಜಗುಲಿಯ ಮೇಲೇ ಉಳಿಯಿತು. ಮುನಿರಾಜಪ್ಪ ಹಿಂದಿರುಗಿದ.

ಗುರುವಾರ ಮಂಜುಳಮ್ಮನಿಗೆ ಹೆಣ್ಣುಮಗು ಹುಟ್ಟಿತು. ಗಣಿಗೆ ಕಾರ್ಡು ಹಾಕಿದರೂ ಪಿಳ್ಳಪ್ಪ ಬರಲಿಲ್ಲ. ಬಾಣಂತಿಯ ಕಿವಿಗೆ ಯಾವ ಮಾತೂ ಬೀಳಕೂಡದೆಂದು ದೊಡ್ಡಮುನಿಯಮ್ಮ ಕಟ್ಟಪ್ಪಣೆ ಮಾಡಿದ್ದಳು. “ಅವ್ರು ಯಾಕಣ್ಣ ಬರ್ಲಿಲ್ಲ? ಹೆಣ್ಣು ಅಂತಾನಾ?” ಎಂದು ತಂಗಿ ಕೇಳಿದಾಗಲೆಲ್ಲ, ರಜ ಸಿಕ್ಕಿಲ್ಲ ಎನ್ನುತ್ತಿದ್ದ ಮುನಿರಾಜಪ್ಪ. ಅವಳು ಗೋಡೆಯ ಕಡೆ ತಿರುಗಿ ಮಲಗಿ ಅಳುವುದು ಅವನಿಗೆ ಕೇಳಿಸುತ್ತಿತ್ತು. ಅಂಗಡಿಗೂ ಗಣಿಯ ಕಾಗದ ಬಂತು, ಇನ್ನು ಮುಂದೆ ನಿಮ್ಮಲ್ಲಿಗೆ ಕೋಲು ಕಳಿಸುವುದಿಲ್ಲ ಎಂದು. ಸಾಹೇಬರು ಓದಿ ಮಡಚಿಟ್ಟರು. ಮುನಿರಾಜಪ್ಪ ಎದುರಿಗೆ ನಿಂತು, ತಾನು ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತೇನೆಂದ. “ನೋಡ್ಕೋ. ಮೊದಲು ಆ ದುರ್ಬೀನಿನ ಕಾಲು ಸರಿಮಾಡು” ಎಂದರು ಸಾಹೇಬರು. ಅವನು ದುರ್ಬೀನಿನ ಕಾಲು ಹಿಡಿದು ಕೂತ.

ಮಗುವಿಗೆ ಹನ್ನೊಂದು ದಿನವಾದ ಬೆಳಗ್ಗೆ ಪಿಳ್ಳಪ್ಪ ಬಂದ. ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಬಾಗಿಲಲ್ಲಿ ಮುನಿರಾಜಪ್ಪನನ್ನು ಕಂಡು ಹೊಸಲಿನ ಹೊರಗೇ ನಿಂತುಬಿಟ್ಟ.

“ನೆನ್ನೆ ಹತ್ತು ಗಂಟೇಲಿ ಸಿಡೀತು ಬಾವ. ಮೇಲೆ ಮಣ್ಣು ಹೊರ್ತಾ ಇದ್ವಿ, ನೆಲ ಒದ್ದಂಗಾಯ್ತು. ನಲವತ್ತಡಿ ಮುಚ್ಚೋಗಿದೆ. ನಾವು ನಿಂತ್ಕೊಳ್ತಿದ್ದ ಜಾಗದಲ್ಲಿ ಈಗ ಜಾಗಾನೇ ಇಲ್ಲ. ಗ್ಯಾಂಗಿನೋರು ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ನೋಡ್ಕೊಂಡ್ವಿ.”

ಮುನಿರಾಜಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. “ನನ್ ಕಾಲಿಗೆ ಬೀಳೋಕೆ ಬರ್ಬೇಡ ಪಿಳ್ಳಪ್ಪ. ನಿನ್ನನ್ನ ಅದರ ಬಾಯಿಗೆ ನೂಕಿದ್ದೂ ನಾನೇ. ಉಜ್ಜಿದ್ದು ನಾನು.”

“ಉಜ್ಜಿದ್ದು ನೀವೇ, ಸರಿ. ಉಜ್ಜಿದೀನಿ ಅಂತ ಹೇಳಿದ್ದೂ ನೀವೇ ಅಲ್ವಾ? ನೀವು ಬಾಯಿ ಬಿಡ್ದೇ ಇದ್ದಿದ್ರೆ, ಬಂಡೆ ಸಿಡೀತು, ದೇವರಿಚ್ಛೆ ಅಂತ ಎಲ್ರೂ ಅಂದ್ಕೊಳ್ತಿದ್ರು. ಯಾರಿಗೂ ಗೊತ್ತಾಗ್ತಿರ್ಲಿಲ್ಲ ಬಾವ. ಯಾರಿಗೂ.”

ಇಬ್ಬರು ಗಂಡಸರು ಹೊಸಲಿನ ಆಚೆಗೊಬ್ಬ ಈಚೆಗೊಬ್ಬ ನಿಂತು ಚಿಕ್ಕ ಹುಡುಗರಂತೆ ಅತ್ತರು. ಸದ್ದು ಕೇಳಿ ಮಂಜುಳಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಗಂಡನನ್ನು ಕಂಡ ಸಂತೋಷಕ್ಕಿಂತ ಸಿಟ್ಟೇ ಮುಂದೆ ಬಂತು.

“ಹೆಣ್ಣು ಹುಟ್ಟಿದ್ದಕ್ಕೆ ಇಬ್ರೂ ಸೇರ್ಕೊಂಡು ಅಳ್ತಾ ಇದೀರಾ? ಬಾಯಿ ಬಿಟ್ಟು ಹೇಳಿ, ಏನಾಯ್ತು?”

ಒಳಗಿನಿಂದ ದೊಡ್ಡಮುನಿಯಮ್ಮ ಬೇಡವೆಂದು ಕೈಯಾಡಿಸಿದಳು. ಮುನಿರಾಜಪ್ಪ ಮುಖ ಒರೆಸಿಕೊಂಡ.

“ಮಗೂನ ಪಿಳ್ಳಪ್ಪನ ಕೈಗೆ ಕೊಟ್ಟು ನೀನು ಕೂತ್ಕೋ ಮಂಜುಳಾ,” ಎಂದ. “ನಾನೊಂದು ತಪ್ಪು ಮಾಡಿದೀನಿ, ಹೇಳ್ತೀನಿ.”